ಇಂದಿನ ಧಮ್ಮ ಚಿಂತನೆ: ತಂತಿಯ ಹದ



ಭಿಕ್ಷು ಸೋಣರು ಅಂಗಾಲಲ್ಲಿ ರಕ್ತ ಬರುವಷ್ಟು ಚಂಕ್ರಮಣ ಮಾಡಿ, ಫಲ ಕಾಣದೆ ಮನೆಗೆ ಮರಳಲು ಯೋಚಿಸಿದರು. ಅವರು ವೀಣೆ ಬಲ್ಲವರು. ಹಾಗಾಗಿ ಭಗವಾನರು ತಂತಿಯ ಉಪಮೆ ಕೊಟ್ಟರು: ತೀರಾ ಬಿಗಿದರೂ, ತೀರಾ ಸಡಿಲಿಸಿದರೂ ನಾದವಿಲ್ಲ. ವೀರ್ಯ ಹೆಚ್ಚಾದರೆ ಚಂಚಲತೆ, ಕಡಿಮೆಯಾದರೆ ಆಲಸ್ಯ.

1998ರಲ್ಲಿ ಶುರುವಾದ ಕ್ರಿಪ್ಟೋಸ್‌ನಂಥ ಹೆವಿ ಮೆಟಲ್ ತಂಡಗಳ ಊರು ಬೆಂಗಳೂರು. ಅಲ್ಲಿನ ಒಂದು ಪುಟ್ಟ ಹಾಲ್‌ನಲ್ಲಿ ಮಗನ ಜೊತೆ ಅಂಥದ್ದೇ ತಂಡವೊಂದನ್ನು ಕೇಳಿದೆ. ಡ್ರಮ್ಮಿನ ಏಟು ಎದೆಗೂಡಿಗೇ ತಾಗುತ್ತಿತ್ತು. ಹುಡುಗರು ಡಿಕ್ಕಿ ಹೊಡೆದು ಕುಣಿಯುತ್ತಿದ್ದರು. ಒಬ್ಬ ಬಿದ್ದರೆ ನಾಲ್ಕು ಕೈಗಳು ಎತ್ತುತ್ತಿದ್ದವು.

"ಅಪ್ಪಾ, ಇಂಥ ಭಾರಿ ನಾದಕ್ಕೆ ಗಿಟಾರಿನ ಶ್ರುತಿ ಇಳಿಸುತ್ತಾರೆ, ತಂತಿ ಜೋಲದಿರಲು ದಪ್ಪ ತಂತಿ ಹಾಕುತ್ತಾರೆ" ಎಂದ ಮಗ. ಅಷ್ಟು ಅಬ್ಬರದಲ್ಲೂ ಡ್ರಮ್ ಬಾರಿಸುವವನ ಭುಜ ಹಗುರಾಗಿತ್ತು, ಲಯ ತಪ್ಪಲಿಲ್ಲ.

ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವ ನನಗೆ ಈ ಹದವೇ ದಿನದ ಪಾಠ. ಮನಸ್ಸು ಬಿಗಿದರೆ ಕೈ ಒರಟಾಗುತ್ತದೆ. ಸಡಿಲಿದರೆ ಔಷಧಿಯ ಹೊತ್ತು ತಪ್ಪುತ್ತದೆ.

ಇಂದಿನ ಅಭ್ಯಾಸ: ಕೆಲಸದ ನಡುವೆ ಮೂರು ಬಾರಿ ಭುಜ, ದವಡೆ ಗಮನಿಸಿ. ಬಿಗಿದಿದ್ದರೆ ಸಡಿಲಿಸಿ, ಕುಸಿದಿದ್ದರೆ ಬೆನ್ನು ನೇರ ಮಾಡಿ, ಕೆಲಸ ಮುಂದುವರಿಸಿ.

ಎಲ್ಲರಿಗೂ ಮಂಗಳವಾಗಲಿ 🙏