ಜೋಗಕ್ಕೆ ಕ್ಯಾಮೆರಾ ಹೊತ್ತು ಹೊರಟವರಿಗೆ

ಮಳೆಗಾಲದ ಜೋಗದ ಚಿತ್ರ ತೆಗೆಯುವ ಆಸೆಯೇ? ಹಾಗಾದರೆ ಹೊಸ ಲೆನ್ಸಿಗಿಂತ ಮೊದಲು ಗಟ್ಟಿಮುಟ್ಟಾದ ಟ್ರೈಪಾಡ್ ಕೊಳ್ಳಿ. 253 ಮೀಟರ್ ಎತ್ತರದಿಂದ ಧುಮುಕುವ ನೀರು ಹಾಲಿನಂತೆ ನಯವಾಗಿ ಮೂಡಲು ಷಟರ್ ಸುಮಾರು ಅರ್ಧ ಸೆಕೆಂಡು ತೆರೆದಿರಬೇಕು. ಕೈಯಲ್ಲೇ ಹಿಡಿದರೆ ಬಂಡೆಯೂ ಅಲುಗಿದಂತೆ ಬರುತ್ತದೆ. ಜತೆಗೊಂದು ಪೋಲರೈಸರ್ ಫಿಲ್ಟರ್ ಇರಲಿ. ಒದ್ದೆ ಎಲೆ, ಬಂಡೆಗಳ ಮೇಲಿನ ಬೆಳಕಿನ ಹೊಳಪನ್ನು ಅದು ಕಳೆಯುತ್ತದೆ. ಆ ಕೆಲಸವನ್ನು ಆಮೇಲೆ ಸಾಫ್ಟ್‌ವೇರ್ ಅಷ್ಟು ಚೆನ್ನಾಗಿ ಮಾಡಲಾರದು.

ಮಂಜು ಕವಿದು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕೂ ಧಾರೆಗಳು ಮರೆಯಾದರೆ ಬೇಸರಪಟ್ಟು ಹಿಂತಿರುಗಬೇಡಿ, ಕಾಯಿರಿ. ಗಾಳಿ ಬೀಸಿ ತೆರೆ ಸರಿಯುವ ಎರಡು ನಿಮಿಷದಲ್ಲೇ ಒಳ್ಳೆಯ ಚಿತ್ರ ಸಿಗುವುದು.

ರಾ ಫೈಲಿನಲ್ಲೇ ತೆಗೆಯಿರಿ, ಎಕ್ಸ್‌ಪೋಷರ್ ತುಸು ತಗ್ಗಿಸಿ. ಕತ್ತಲಾದ ಭಾಗವನ್ನು ಎಡಿಟಿಂಗ್‌ನಲ್ಲಿ ಬೆಳಗಿಸಬಹುದು; ಸುಟ್ಟುಹೋದ ಬಿಳುಪು ಮರಳಿ ಬಾರದು. ಹಸಿರನ್ನು ಮಾತ್ರ ಏರಿಸಬೇಡಿ. ಮಲೆನಾಡಿನ ಆಷಾಢಕ್ಕೆ ನಾವು ಬಣ್ಣ ಹಚ್ಚಬೇಕಿಲ್ಲ.

ಮನೆ ಸೇರಿದೊಡನೆ ಕ್ಯಾಮೆರಾ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಒದ್ದೆ ಚೀಲದಲ್ಲೇ ಬಿಟ್ಟರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಕೊನೆಯದಾಗಿ, ಜಲಪಾತದ ಅಂಚಿನ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ದಯವಿಟ್ಟು ಬೇಲಿ ದಾಟಬೇಡಿ.