ಬೇಸಿಗೆಯ ಬೇಸ್‌ಬಾಲ್: ಯಾರ ಮೇಲೆ ಕಣ್ಣಿಡಬೇಕು?

ಸ್ಯಾನ್ ರಮೋನ್‌ನ ನಮ್ಮವರು ವೃತ್ತಿಪರ ಜೈಂಟ್ಸ್ ತಂಡದ ಪಂದ್ಯದ ಟಿಕೆಟ್ಟಿಗೆ ಕೈಬಿಚ್ಚಿ ಖರ್ಚು ಮಾಡುತ್ತಾರೆ, ಮಾಡಲಿ. ಆದರೆ ಒಂದು ಶನಿವಾರ ಉತ್ತರಕ್ಕೆ ಹೀಲ್ಡ್ಸ್‌ಬರ್ಗ್ ಕಡೆ ಕಾರು ತಿರುಗಿಸಿ. ಅಲ್ಲಿನ ಪ್ರೂನ್ ಪ್ಯಾಕರ್ಸ್ ತಂಡದಲ್ಲಿ ಬೇಸಿಗೆ ರಜೆಯಲ್ಲಿ ಆಡುವವರು ಕಾಲೇಜು ಹುಡುಗರು.

ನಾಳೆಯ ತಾರೆಯನ್ನು ಗುರುತಿಸಬೇಕೆಂದರೆ ಹೋಮ್ ರನ್ ಎಣಿಸುತ್ತ ಕೂರಬೇಡಿ. ಕಾಲೇಜು ಪಂದ್ಯಗಳಲ್ಲಿ ಲೋಹದ ಬ್ಯಾಟು ನಡೆಯುತ್ತದೆ. ಬೇಸಿಗೆಯ ಒಳ್ಳೆಯ ಲೀಗುಗಳಲ್ಲಿ ಮರದ ಬ್ಯಾಟೇ ಬೇಕು. ಅಂಥ ಲೀಗುಗಳಲ್ಲೊಂದಾದ ಕೇಪ್ ಕಾಡ್ ಲೀಗು 1985ರಿಂದಲೇ ಹಾಗೆ ಮಾಡಿದೆ. ಮರದಲ್ಲಿ ಚೆಂಡು ಸರಿಯಾದ ಜಾಗಕ್ಕೆ ತಗಲದಿದ್ದರೆ ದೂರ ಹೋಗದು, ಬ್ಯಾಟೇ ಮುರಿದೀತು. ಮರ ಹಿಡಿದೂ ಗಟ್ಟಿಯಾಗಿ ಹೊಡೆಯುವ, ಕೆಟ್ಟ ಎಸೆತ ಬಿಟ್ಟು ನಿಲ್ಲುವ ಹುಡುಗನ ಹೆಸರು ಬರೆದಿಟ್ಟುಕೊಳ್ಳಿ. ಪಿಚರ್‌ಗಳ ವೇಗ ನೋಡಿ ಮರುಳಾಗಬೇಡಿ. ಎಷ್ಟು ಸ್ಟ್ರೈಕ್‌ಔಟ್, ಎಷ್ಟು ವಾಕ್ ಎಂದು ನೋಡಿ.

ಇಂಥ ಬೇಸಿಗೆ ಲೀಗಿನಲ್ಲಿ ಆಡಿ ತಾರೆಯಾದವರಿದ್ದಾರೆ. ಜೈಂಟ್ಸ್‌ಗೆ ಆಡಿದ ಬಸ್ಟರ್ ಪೋಸಿ ಕಾಲೇಜಿಗೆ ಬಂದಾಗ ಶಾರ್ಟ್‌ಸ್ಟಾಪ್ ಆಗಿದ್ದವರು, ಆಮೇಲೆ ಕ್ಯಾಚರ್ ಆದರು. ಬೇಸಿಗೆಯಲ್ಲಿ ಕೇಪ್ ಕಾಡ್‌ನ ಯಾರ್ಮತ್-ಡೆನ್ನಿಸ್ ತಂಡಕ್ಕೆ ಆಡಿದರು. 2012ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರರಾದರು. ಸಣ್ಣ ಮೈಕಟ್ಟಿನ ಪಿಚರ್ ಟಿಮ್ ಲಿನ್ಸೆಕಮ್ 2005ರಲ್ಲಿ ಕೇಪ್ ಕಾಡ್ ಲೀಗಿನ ಹಾರ್ವಿಚ್ ತಂಡದಲ್ಲಿದ್ದರು. 2008, 2009ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಆದ್ದರಿಂದ ಮೈಕಟ್ಟನ್ನಾಗಲಿ ಆಡುವ ಸ್ಥಾನವನ್ನಾಗಲಿ ನೋಡಿ ಯಾರನ್ನೂ ತಳ್ಳಿಹಾಕಬೇಡಿ.

ಆಟಕ್ಕೆ ಮುಂಚೆಯೇ ಹೋಗಿ, ಅಭ್ಯಾಸ ನೋಡಿ. ಮಕ್ಕಳ ಕೈಗೆ ಸ್ಕೋರ್ ಹಾಳೆ, ಪೆನ್ಸಿಲ್ ಕೊಡಿ.