ಆರ್ಡಿನರಿ ಬಸ್ಸು, ನಾರ್ಮಲ್ ಹೆರಿಗೆ

ಪುಟ್ಟೀ,

ಬ್ಯಾಂಕ್ ಪರೀಕ್ಷೆಗೆಂದು ನೀನು ಗೋಡೆಗೆ ಅಂಟಿಸಿಕೊಂಡಿರುವ ಪಟ್ಟಿಯ ಫೋಟೊ ತೆಗೆದು ನಿನ್ನಮ್ಮ ಕಳಿಸಿದ್ದಳು. ‘ಕಾಮನ್’ ಎಂಬ ಒಂದು ಪದ, ಅದರ ಮುಂದೆ ಸಮ ಚಿಹ್ನೆ, ಆಮೇಲೆ ಸಾಲಾಗಿ ಆರ್ಡಿನರಿ, ಯೂಷುವಲ್, ನಾರ್ಮಲ್, ರೆಗ್ಯುಲರ್, ರೊಟೀನ್, ಎವ್ರಿಡೇ, ಮಂಡೇನ್. ಬೆಳಗ್ಗೆ ಎದ್ದು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತೀಯಂತೆ. ಮಗ್ಗಿಯಲ್ಲಿ ಸಮ ಚಿಹ್ನೆಗೆ ಬೆಲೆ ಇದೆ. ಈ ಪಟ್ಟಿಯಲ್ಲಿ ಆ ಚಿಹ್ನೆಯೇ ಸುಳ್ಳು. ಮೊದಲು ಅದನ್ನು ಹೊಡೆದುಹಾಕು.

ಕನ್ನಡ ಮೀಡಿಯಮ್ಮಿನವಳು, ಇಂಗ್ಲಿಷ್ ಪದಗಳ ಒಳಮರ್ಮ ನನಗೆ ಹತ್ತುವುದಿಲ್ಲ ಎಂದು ಅಳುಕುತ್ತೀಯಲ್ಲ, ಆ ಅಳುಕಿಗೆ ಕಾರಣವೇ ಇಲ್ಲ. ಈ ಪದಗಳ ನಡುವಿನ ವ್ಯತ್ಯಾಸ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವನಿಗೂ ಗೊತ್ತು. ‘ಎಕ್ಸ್‌ಪ್ರೆಸ್ ಹೋಯ್ತು, ಇನ್ನು ಆರ್ಡಿನರಿನೇ ಗತಿ’ ಎನ್ನುತ್ತಾನೆಯೇ ಹೊರತು ‘ಕಾಮನ್ ಬಸ್ಸೇ ಗತಿ’ ಎನ್ನುವುದಿಲ್ಲ. ನಿನ್ನಕ್ಕನಿಗೆ ಮಗುವಾದಾಗ ನೆಂಟರಿಷ್ಟರೆಲ್ಲ ಕೇಳಿದ್ದು ‘ನಾರ್ಮಲ್ಲೋ, ಸಿಸೇರಿಯನ್ನೋ’ ಎಂದು. ‘ಆರ್ಡಿನರಿ ಹೆರಿಗೆನಾ’ ಎಂದು ಯಾರೂ ಕೇಳಲಿಲ್ಲ. ಕಿರಾಣಿ ಅಂಗಡಿಯವನು ಸಾಲ ಬರೆದುಕೊಳ್ಳುವುದು ರೆಗ್ಯುಲರ್ ಗಿರಾಕಿಗೆ. ಆಸ್ಪತ್ರೆಯಲ್ಲಿ ಮಾಡಿಸುವುದು ರೊಟೀನ್ ಚೆಕಪ್ಪು. ಇವನ್ನು ಯಾರೂ ಪಟ್ಟಿ ಹಿಡಿದು ಕಲಿಯಲಿಲ್ಲ. ಒಂದೊಂದೂ ತನ್ನ ಜೊತೆಯ ಪದದೊಂದಿಗೇ ಕಿವಿಗೆ ಬಿತ್ತು, ಹಾಗೆಯೇ ನಿಂತಿತು. ಲಾಹೋರಿನಲ್ಲಿ ಇಂಗ್ಲಿಷ್ ಕಲಿಸಿ ಆಮೇಲೆ ಲಂಡನ್ನಿನಲ್ಲಿ ಭಾಷಾವಿಜ್ಞಾನಿಯಾಗಿ ಹೆಸರಾದ ಜೆ. ಆರ್. ಫರ್ತ್ ಎಂಬುವರು, ಪದವೊಂದನ್ನು ತಿಳಿಯಬೇಕಾದರೆ ಅದರ ಸಹವಾಸ ನೋಡಬೇಕೆಂದು 1957ರಲ್ಲಿ ಬರೆದರು. ಕಡಲೆಕಾಯಿಯವನು ಅವರನ್ನು ಓದಿಲ್ಲ, ಓದಬೇಕಾಗಿಯೂ ಇಲ್ಲ.

ನಮ್ಮ ಮಾತಿನಲ್ಲೂ ಹೀಗೇ. ಮಾಮೂಲು, ಸಾಮಾನ್ಯ, ವಾಡಿಕೆ, ರೂಢಿ: ನಿಘಂಟಿನಲ್ಲಿ ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಟ್ಟಿರುತ್ತಾರೆ. ಆದರೆ ಕಡತ ಮುಂದಕ್ಕೆ ಹೋಗಲಿ ಎಂದು ಕೊಡುವುದು ಮಾಮೂಲು ಮಾತ್ರ. ‘ಸಾಮಾನ್ಯ ಕೊಟ್ಟು ಬಂದೆ’ ಎಂದರೆ ಏನು ಕೊಟ್ಟೆ ಎಂದು ಕೇಳುತ್ತಾರೆ.

ಇವುಗಳಲ್ಲಿ ‘ನಾರ್ಮಲ್’ ಒಂದರ ಹತ್ತಿರ ಸ್ವಲ್ಪ ಹೊತ್ತು ಕೂತುಕೋ. ಲ್ಯಾಟಿನ್ನಿನಲ್ಲಿ ‘ನಾರ್ಮ’ ಎಂದರೆ ಬಡಗಿಯ ಮೂಲೆಮಟ್ಟ. ಪಿಯುಸಿ ಭೌತಶಾಸ್ತ್ರದಲ್ಲಿ ಮೇಲ್ಮೈಗೆ ಲಂಬವಾಗಿ ಎಳೆದ ಗೆರೆಯನ್ನು ನಾರ್ಮಲ್ ಎಂದು ಏಕೆ ಕರೆದರೆಂದು ಈಗ ಹೊಳೆಯಿತೇ? ಮಟ್ಟ ಇಟ್ಟು ನೋಡಿದ್ದು, ಅಳತೆಗೆ ಸರಿಬಿದ್ದದ್ದು ನಾರ್ಮಲ್. ಹಳೆಯ ಮೈಸೂರಿನಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆಗೆ ನಾರ್ಮಲ್ ಸ್ಕೂಲ್ ಎಂಬ ಹೆಸರಿದ್ದದ್ದೂ ಪಾಠ ಹೇಗಿರಬೇಕೆಂಬ ಮಾದರಿಯನ್ನು ಅಲ್ಲಿ ಕಲಿಸುತ್ತಿದ್ದರು ಎಂಬ ಲೆಕ್ಕದಲ್ಲೇ. ಹವಾಮಾನ ಇಲಾಖೆ ‘ನಾರ್ಮಲ್’ ಎನ್ನುವುದನ್ನು ನಮ್ಮ ಪತ್ರಿಕೆಗಳು ‘ವಾಡಿಕೆ ಮಳೆ’ ಎಂದು ಬರೆಯುತ್ತವೆ. ಅದರ ಹಿಂದೆಯೂ ಒಂದು ಅಳತೆಗೋಲಿದೆ: 1971ರಿಂದ 2020ರವರೆಗಿನ ಸರಾಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಅದು 87 ಸೆಂಟಿಮೀಟರ್. ಅದರ ಶೇ 96ರಿಂದ 104ರೊಳಗೆ ಬಿದ್ದರೆ ಆ ವರ್ಷ ನಾರ್ಮಲ್. ಜುಲೈನಲ್ಲಿ ಆಗುಂಬೆಯಲ್ಲಿ ಮಳೆ ಸುರಿಯುವುದು ಕಾಮನ್. ಈ ಸಲದ್ದು ನಾರ್ಮಲ್ಲೇ ಎಂದು ಹೇಳಬೇಕಾದರೆ ಮಾತ್ರ ಮಳೆಮಾಪಕ ನೋಡಲೇಬೇಕು. ಒಂದು ಕಣ್ಣಿಗೆ ಕಂಡು ಹೇಳುವ ಮಾತು, ಇನ್ನೊಂದು ಅಳೆದು ಹೇಳುವ ಮಾತು. ಪಟ್ಟಿಯಲ್ಲಿ ಇದು ಎಲ್ಲಿದೆ?

‘ಆರ್ಡಿನರಿ’ ಬಂದದ್ದು ಕ್ರಮ, ಸಾಲು ಎಂಬ ಅರ್ಥದ ‘ಆರ್ಡೊ’ದಿಂದ. ಸರ್ಕಾರದ ‘ಗೆಜೆಟ್ ಎಕ್ಸ್‌ಟ್ರಾರ್ಡಿನರಿ’ಯಲ್ಲಿ ಅದ್ಭುತವೇನೂ ಇರುವುದಿಲ್ಲ, ತೆರೆದು ನೋಡಿದರೆ ನಿದ್ದೆ ಬರುತ್ತದೆ, ಮಾಮೂಲಿ ಸಂಚಿಕೆಯ ಸಾಲಿನಿಂದ ಹೊರಗೆ ಬಂದದ್ದು ಎಂದಷ್ಟೇ ಅದರ ಅರ್ಥ.

ಇನ್ನು ಉಪಾಯದ ಮಾತು. ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳಿಗೂ ಇದನ್ನೇ ಹೇಳುತ್ತಿದ್ದೆ. ಸಮಾನಾರ್ಥಕ ಹುಡುಕುವ ಮೊದಲು ಆ ವಾಕ್ಯದಲ್ಲಿ ಪದಕ್ಕೆ ಎದುರಾಳಿ ಯಾರೆಂದು ಕೇಳಿಕೋ. ‘ಕಾಮನ್ ಡಿಸೀಸ್’ ಎಂಬಲ್ಲಿ ಎದುರಾಳಿ ‘ರೇರ್’. ಹಾಗಾದರೆ ಇಲ್ಲಿ ಕಾಮನ್ ಎಂದರೆ ಮೇಲಿಂದ ಮೇಲೆ ಕಾಣುವುದು, ‘ಫ್ರೀಕ್ವೆಂಟ್’ಗೆ ಹತ್ತಿರ. ನಮಗೂ ಪಕ್ಕದ ಮನೆಯವರಿಗೂ ನಡುವೆ ಇರುವುದು ಕಾಮನ್ ಗೋಡೆ. ಅದರ ಎದುರಾಳಿ ‘ಸ್ವಂತದ್ದು’, ಆದ್ದರಿಂದ ಇಲ್ಲಿ ‘ಷೇರ್ಡ್’ ಸರಿ. ಈ ಪದದ ಮೊದಲ ಅರ್ಥವೂ ಇದೇ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರವರ ದನಕುರಿ ಮೇಯುವ ಬಯಲಿಗೆ ‘ಕಾಮನ್’ ಎಂದೇ ಹೆಸರು, ನಮ್ಮ ಗೋಮಾಳ. ಅಲ್ಲಿಂದ ವಲಸೆ ಹೋದವರು 1634ರಲ್ಲಿ ಅಮೆರಿಕದಲ್ಲಿ ದನ ಮೇಯಿಸಲು ಬಿಟ್ಟುಕೊಂಡ ಬಯಲು ಇವತ್ತಿಗೂ ‘ಬಾಸ್ಟನ್ ಕಾಮನ್’ ಎಂಬ ಉದ್ಯಾನ. ‘ಕಾಮನ್ ಸೋಲ್ಜರ್’ ಎದುರು ಅಧಿಕಾರಿ ನಿಂತಿದ್ದಾನೆ. ಇಲ್ಲಿ ‘ಆರ್ಡಿನರಿ’ ಒಪ್ಪುತ್ತದೆ. ‘ಹರ್ ಮ್ಯಾನರ್ಸ್ ಆರ್ ಕಾಮನ್’ ಎಂದರೋ, ಅದು ಬೈಗುಳ. ಎದುರಾಳಿ ‘ರಿಫೈನ್ಡ್’, ಸಮಾನಾರ್ಥಕ ‘ವಲ್ಗರ್’. ಆ ಪದದ ಬೇರಾದ ‘ವಲ್ಗಸ್’ ಎಂದರೂ ಜನಸ್ತೋಮವೇ. ಎಲ್ಲರದ್ದಾಗಿದ್ದು ಕೀಳಾಗಿ ಹೋದದ್ದು ಯಾರ ಕಣ್ಣಲ್ಲಿ ಎಂದು ನೀನೇ ಯೋಚಿಸು. ಅದೇ ಪದಕ್ಕೆ ಮರ್ಯಾದೆ ತಂದವರಲ್ಲಿ ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಒಬ್ಬರು. ಪಂಚೆ, ಚೌಕಳಿ ಕೋಟಿನ ಅವರ ‘ಕಾಮನ್ ಮ್ಯಾನ್’ ಬಾಯಿಬಿಡದೆ ಎಲ್ಲರ ಪರವಾಗಿ ನಿಂತ. ಅವನನ್ನು ‘ಆರ್ಡಿನರಿ ಮ್ಯಾನ್’ ಎಂದು ಕರೆದಿದ್ದರೆ ಅವನೊಬ್ಬ ಮಾತ್ರ ಉಳಿಯುತ್ತಿದ್ದ, ನಾವೆಲ್ಲ ಅವನೊಳಗೆ ಇರುತ್ತಿರಲಿಲ್ಲ.

ಅಲಮಾರಿಯಲ್ಲಿರುವ ದಪ್ಪ ಥೆಸಾರಸ್ ಅನ್ನು ಈಗಲೇ ತೆರೆಯಬೇಡ. 1852ರಲ್ಲಿ ಅದನ್ನು ಹೊರತಂದ ಪೀಟರ್ ಮಾರ್ಕ್ ರೋಜೆ ವೈದ್ಯರು. ಹೇಳಬೇಕಾದದ್ದು ಮನಸ್ಸಿನಲ್ಲಿದ್ದು ಪದ ನಾಲಿಗೆಗೆ ಬಾರದವರಿಗೆಂದು ಪದಗಳನ್ನು ಭಾವದ ಪ್ರಕಾರ ಜೋಡಿಸಿಟ್ಟರು. ಪದವೇ ಹೊಸದಾಗಿರುವವರಿಗೆ ಅದು ದಾರಿ ತಪ್ಪಿಸುತ್ತದೆ. ನಿನಗೆ ಬೇಕಾದದ್ದು ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ ತಯಾರಿಸಿ, 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ನಿಘಂಟಿನ ವಂಶದ್ದು. ಈಗ ಆಕ್ಸ್‌ಫರ್ಡ್‌ನವರು ತರುತ್ತಾರೆ. ಅದರಲ್ಲಿ ಅರ್ಥಕ್ಕಿಂತ ಉದಾಹರಣೆಯ ವಾಕ್ಯಗಳನ್ನು ಓದು.

ಎವ್ರಿಡೇ ಬಗ್ಗೆ ಒಂದೇ ಮಾತು. ಕೂಡಿಸಿ ಬರೆದರೆ ವಿಶೇಷಣ, ‘ದಿನಬಳಕೆಯ’ ಎಂದು. ಬಿಡಿಸಿ ಬರೆದರೆ ‘ಪ್ರತಿದಿನ’. ‘ಓಪನ್ ಎವ್ರಿಡೇ’ ಎಂದು ಕೂಡಿಸಿ ಬರೆಸಿದ ಅಂಗಡಿ ಫಲಕಗಳು ಬೇಕಾದಷ್ಟಿವೆ, ನಿನ್ನ ಉತ್ತರಪತ್ರಿಕೆಯಲ್ಲಿ ಬೇಡ. ಪತ್ರ, ಪ್ರಬಂಧ ಬರೆಯುವಾಗ ‘ಮಂಡೇನ್’, ‘ಕೊಟಿಡಿಯನ್’ ಹಾಕಿ ಮೆರೆಯಲೂ ಹೋಗಬೇಡ. ಮಂಡೇನ್‌ನಲ್ಲಿ ಬೇಸರದ ಛಾಯೆ ಇದೆ. ‘ನನ್ನ ಮಂಡೇನ್ ಕೆಲಸ’ ಎಂದು ಬ್ಯಾಂಕಿನವರಿಗೇ ಬರೆದರೆ ಕೆಲಸ ಕೊಟ್ಟಾರೆಯೇ? ಕೊಟಿಡಿಯನ್ ಎಂಬುದನ್ನು ವೈದ್ಯರು ಹಿಂದೆ ದಿನವೂ ಬಿಡದೆ ಬರುವ ಮಲೇರಿಯಾ ಜ್ವರಕ್ಕೆ ಬಳಸುತ್ತಿದ್ದರು, ದಿನ ಬಿಟ್ಟು ದಿನ ಬರುವುದಕ್ಕೆ ‘ಟರ್ಷಿಯನ್’ ಎಂದಿತ್ತು. ಶಾಖೆಯ ದಿನದ ವಹಿವಾಟಿಗೆ ‘ಡೈಲಿ’ ಎಂದು ಬರೆ, ಸಾಕು.